ಖಿನ್ನತೆ ಇಳಿದಿದೆ, ಗಮನ ಮರಳಿಲ್ಲ: ಎಲೆಕ್ಟ್ರೋ ಅಕ್ಯುಪಂಕ್ಚರ್ ಮಾಡಿಸಬಹುದೇ?

ಪ್ರಶ್ನೆ: ಗದಗಿನ ಕರಡು ತಿದ್ದುವವಳು

ಗದಗಿನ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸ ನನ್ನದು. ಕಳೆದ ವರ್ಷದಿಂದ ಖಿನ್ನತೆಗೆ ಎಸ್ಸಿಟಲೋಪ್ರಾಮ್ ತೆಗೆದುಕೊಳ್ಳುತ್ತಿದ್ದೇನೆ. ಈಗ ನಿದ್ದೆ ಬರುತ್ತದೆ, ಊಟ ಸೇರುತ್ತದೆ, ಕಾರಣವಿಲ್ಲದ ಅಳು ನಿಂತಿದೆ. ಆದರೆ ಮೂಲಪ್ರತಿಯ ಸಾಲು ಓದಿ ಕರಡಿನತ್ತ ಕಣ್ಣು ಹೊರಳಿಸುವಷ್ಟರಲ್ಲಿ ಆ ಸಾಲು ಮರೆತಿರುತ್ತದೆ. ಅಲ್ಪಪ್ರಾಣ, ಮಹಾಪ್ರಾಣದ ತಪ್ಪುಗಳು ಮೊದಲು ತಾವಾಗಿಯೇ ಎದ್ದು ಕಾಣುತ್ತಿದ್ದವು. ಈಗ ಹುಡುಕಿದರೂ ಸಿಗುವುದಿಲ್ಲ. ಮನೆಯವರು "ಗುಣವಾಗಿದೆಯಲ್ಲ, ಇನ್ನೇನು?" ಎನ್ನುತ್ತಾರೆ. ನನ್ನ ಅನ್ನವೇ ಗಮನದ ಮೇಲೆ ನಿಂತಿರುವಾಗ ಗುಣವಾಯಿತೆಂದು ಹೇಗೆ ಒಪ್ಪಲಿ?

ಹುಬ್ಬಳ್ಳಿಯಲ್ಲಿ ಒಬ್ಬರು ನೆತ್ತಿಗೆ ಸೂಜಿ ಚುಚ್ಚಿ ಸಣ್ಣ ಕರೆಂಟ್ ಹಾಯಿಸುತ್ತಾರಂತೆ. ಫೋನ್ ಮಾಡಿದಾಗ "ಮಾತ್ರೆ ನಿಲ್ಲಿಸಿ ಬನ್ನಿ" ಎಂದರು. ಇದು ಶಾಕ್ ಚಿಕಿತ್ಸೆಯೇ? ನೆನಪು, ಗಮನಕ್ಕೆ ಉಪಯೋಗವಾಗುತ್ತದೆ ಎನ್ನುವುದಕ್ಕೆ ಆಧಾರವಿದೆಯೇ?

ಉತ್ತರ: ಧಾರವಾಡದ ಮನಶ್ಶಾಸ್ತ್ರಜ್ಞೆ

ಮೊದಲು ಒಂದು ಮಾತು: ನೀವು ಹೇಳುತ್ತಿರುವುದು ನಿಮ್ಮ ಕಲ್ಪನೆಯಲ್ಲ, ಸೋಮಾರಿತನವೂ ಅಲ್ಲ. ಗಮನ, ನೆನಪು, ಯೋಚನೆಯ ವೇಗ, ಕೆಲಸವನ್ನು ಯೋಜಿಸುವ ಶಕ್ತಿ ಇವೆಲ್ಲ ಖಿನ್ನತೆಯಲ್ಲಿ ಕುಗ್ಗುತ್ತವೆ. ಮನಸ್ಸು ಹಗುರಾದ ಮೇಲೂ ಹಲವರಲ್ಲಿ ಪೂರ್ತಿ ಮರಳುವುದಿಲ್ಲ. ಮನೆಯವರಿಗೆ ಇದನ್ನು ಓದಿ ಹೇಳಿ.

ನೀವು ಕೇಳಿದ ಸೂಜಿ-ಕರೆಂಟಿನ ಚಿಕಿತ್ಸೆಯೇ ಎಲೆಕ್ಟ್ರೋ ಅಕ್ಯುಪಂಕ್ಚರ್. ಇದು ಶಾಕ್ ಚಿಕಿತ್ಸೆಯಲ್ಲ. ಶಾಕ್ ಚಿಕಿತ್ಸೆ ಎಂದು ಜನ ಕರೆಯುವ ಇಸಿಟಿಯಲ್ಲಿ ಅರಿವಳಿಕೆ ಕೊಟ್ಟು ಮಿದುಳಿನಲ್ಲಿ ಅಪಸ್ಮಾರದಂಥ ಸೆಳೆತವನ್ನು ಉಂಟುಮಾಡುತ್ತಾರೆ. ಇಲ್ಲಿ ನೀವು ಎಚ್ಚರವಾಗಿಯೇ ಇರುತ್ತೀರಿ. ಹೆಚ್ಚಾಗಿ ನೆತ್ತಿಯ ಬೈಹುಯಿ, ಹುಬ್ಬುಗಳ ನಡುವಿನ ಯಿಂತಾಂಗ್ ಬಿಂದುಗಳಿಗೆ ಸೂಜಿ ಇಟ್ಟು ಬಹಳ ಕಡಿಮೆ ವಿದ್ಯುತ್ ಹರಿಸುತ್ತಾರೆ.

ಆಧಾರದ ವಿಷಯ. ಒತ್ತಡಕ್ಕೆ ಒಳಪಡಿಸಿದ ಇಲಿಗಳಲ್ಲಿ ಈ ಚಿಕಿತ್ಸೆಯ ನಂತರ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್‌ನಲ್ಲಿ ಬಿಡಿಎನ್‌ಎಫ್ ಎಂಬ, ನರಕೋಶಗಳ ಬೆಳವಣಿಗೆಗೆ ನೆರವಾಗುವ ಪ್ರೋಟೀನು ಹೆಚ್ಚಿದ್ದನ್ನು ಹಲವು ಪ್ರಯೋಗಗಳು ತೋರಿಸಿವೆ. ಮನುಷ್ಯರ ಮಾತು ಬೇರೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ ಖಿನ್ನತೆಗೆ ಅಕ್ಯುಪಂಕ್ಚರ್ ಕುರಿತ 64 ಅಧ್ಯಯನಗಳನ್ನು, 7,104 ಜನರ ಮಾಹಿತಿಯನ್ನು ನೋಡಿತು. ಸ್ವಲ್ಪ ಲಾಭ ಇರಬಹುದು, ಆದರೆ ಪುರಾವೆಯ ಗುಣಮಟ್ಟ ಕಡಿಮೆ ಎಂದಿತು. ಅಲ್ಲಿಯೂ ಅಳೆದದ್ದು ಮುಖ್ಯವಾಗಿ ಖಿನ್ನತೆಯ ತೀವ್ರತೆಯನ್ನು. ನಿಮ್ಮ ಪ್ರಶ್ನೆಗೆ ಅದು ನೇರ ಉತ್ತರವಲ್ಲ. ಇನ್ನೊಂದು ತೊಡಕಿದೆ: ಕರೆಂಟ್ ಜುಮ್ಮೆನ್ನುವುದು ರೋಗಿಗೆ ತಿಳಿಯುತ್ತದೆ, ಆದ್ದರಿಂದ ನಿಜವಾದ ಚಿಕಿತ್ಸೆಯನ್ನೂ ಹೋಲಿಕೆಗೆಂದು ಕೊಡುವ ಹುಸಿ ಚಿಕಿತ್ಸೆಯನ್ನೂ ಹೋಲಿಸುವುದು ಕಷ್ಟ.

ಸೂಜಿಗಿಂತ ಮೊದಲು ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಇವುಗಳ ಏರುಪೇರೂ ಗಮನವನ್ನು ಕುಗ್ಗಿಸಬಹುದು. ಗೊರಕೆ ಇದ್ದರೆ, ನಿದ್ದೆ ಕೆಡುತ್ತಿರಬಹುದು, ವೈದ್ಯರಿಗೆ ಹೇಳಿ. ವೋರ್ಟಿಯೋಕ್ಸೆಟಿನ್ ಎಂಬ ಔಷಧಿ ಯೋಚನೆಯ ವೇಗವನ್ನು ಅಳೆಯುವ ಪರೀಕ್ಷೆಯಲ್ಲಿ ಸುಧಾರಣೆ ತೋರಿಸಿದೆ. ಅದು ನಿಮಗೆ ಹೊಂದುತ್ತದೆಯೇ ಎಂದು ನಿಮ್ಮ ಮನೋವೈದ್ಯರನ್ನು ಕೇಳಿ.

ಉತ್ತರ: ಕರಾವಳಿಯ ಪ್ರಕೃತಿ ಚಿಕಿತ್ಸಕ

ನಾನು ಬಿಎನ್‌ವೈಎಸ್ ಎಂಬ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ ಓದಿದವನು, ಸೂಜಿ ಚಿಕಿತ್ಸೆ ನನ್ನ ನಿತ್ಯದ ಕೆಲಸ. ಈ ವಿದ್ಯೆಯ ಮೇಲಿನ ಪ್ರೀತಿಯಿಂದಲೇ ಹೇಳುತ್ತೇನೆ: "ಮಾತ್ರೆ ನಿಲ್ಲಿಸಿ ಬನ್ನಿ" ಎಂದವರ ಬಳಿ ಹೋಗಬೇಡಿ. ಎಸ್ಸಿಟಲೋಪ್ರಾಮ್ ಥಟ್ಟನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ, ನಿದ್ದೆಗೇಡು ಬರಬಹುದು, ಖಿನ್ನತೆಯೂ ಮರುಕಳಿಸಬಹುದು. ಸೂಜಿಯನ್ನು ಮಾತ್ರೆಯ ಜೊತೆಗೇ ಮಾಡಿಸಬಹುದು. ಪೇಸ್‌ಮೇಕರ್, ಅಪಸ್ಮಾರ, ಗರ್ಭ, ರಕ್ತ ತೆಳುವಾಗಿಸುವ ಮಾತ್ರೆ ಇವುಗಳಲ್ಲಿ ಯಾವುದಿದ್ದರೂ ಮೊದಲೇ ತಿಳಿಸಿ. ಒಮ್ಮೆ ಬಳಸಿ ಎಸೆಯುವ ಸೂಜಿಯ ಪೊಟ್ಟಣವನ್ನು ನಿಮ್ಮ ಎದುರೇ ಒಡೆಯಬೇಕು. ಕರೆಂಟ್ ನೋಯಬಾರದು, ನೋವಾದರೆ ಕೂಡಲೇ ಹೇಳಿ, ತಡೆದುಕೊಳ್ಳಬೇಡಿ.

ಪ್ರಶ್ನೆ ಕೇಳಿದವರು:

ಮಾತ್ರೆ ಬಿಡುವುದಿಲ್ಲ. ರಕ್ತಪರೀಕ್ಷೆ ಈ ವಾರವೇ ಮಾಡಿಸುತ್ತೇನೆ. ಸೂಜಿ ಮಾಡಿಸಿದರೆ, ನಿಜಕ್ಕೂ ಉಪಯೋಗವಾಯಿತೆಂದು ತಿಳಿಯುವುದು ಹೇಗೆ?

ಧಾರವಾಡದ ಮನಶ್ಶಾಸ್ತ್ರಜ್ಞೆ:

ಅಂಕೆಗಳಿಗೆ ಹೊಂದುವ ಚಿಹ್ನೆಗಳನ್ನು ನಿಗದಿತ ಸಮಯದಲ್ಲಿ ಬರೆಯುವ ಪರೀಕ್ಷೆಯೊಂದಿದೆ. ಚಿಕಿತ್ಸೆಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಮಾಡಿಸಿ. ಎರಡನೆಯ ಸಲ ಬರೀ ಅಭ್ಯಾಸದಿಂದಲೂ ಅಂಕ ಏರುತ್ತದೆ, ಆದ್ದರಿಂದ ಬೇರೆ ಚಿಹ್ನೆಗಳಿರುವ ಪ್ರತಿಯನ್ನು ಕೊಡುವಂತೆ ಕೇಳಿ. ಜೊತೆಗೆ ಒಂದೇ ಉದ್ದದ ಕರಡುಪುಟಗಳಲ್ಲಿ ನೀವು ಬಿಟ್ಟ ತಪ್ಪುಗಳನ್ನು ಸಹೋದ್ಯೋಗಿಯಿಂದ ಎಣಿಸಿ, ಬರೆದಿಡಿ.