ಪದ ಬೇಕು: ಸ್ಪೀಕರಿನ 'ಫೇಸ್'ಗೆ ಕನ್ನಡದಲ್ಲಿ ಏನೆನ್ನೋಣ?

ಗೆಳೆಯರೇ,

ಒಂದು ಪದ ಬೇಕಾಗಿದೆ. ಹೋಮ್ ಥಿಯೇಟರ್, ಸ್ಟೀರಿಯೊ ಜೋಡಿಸುವುದು ಹೇಗೆ ಅಂತ ಕನ್ನಡದಲ್ಲಿ ಎರಡು ಪುಟ ಬರೆಯುತ್ತಿದ್ದೇನೆ. ಪೆಟ್ಟಿಗೆಯ ಜೊತೆ ಬರುವ ಪುಸ್ತಕದಲ್ಲಿ ಹತ್ತಾರು ಭಾಷೆ ಇರುತ್ತವೆ. ನಾನು ನೋಡಿದ ಯಾವುದರಲ್ಲೂ ಕನ್ನಡ ಇರಲಿಲ್ಲ. ಬರವಣಿಗೆ ಮುಕ್ಕಾಲು ಪಾಲು ಸಲೀಸಾಗಿ ಸಾಗಿತು. 'ಫೇಸ್' ಅನ್ನುವ ಮಾತಿನ ಹತ್ತಿರ ಬಂದು ಕೈ ನಿಂತುಹೋಯಿತು.

ನಾನು ಮೊದಲು ಬರೆದ ಸಾಲು ಇದು: "ಸದ್ದು ತೆಳ್ಳಗೆ ಕೇಳಿದರೆ ಸ್ಪೀಕರಿನ ಫೇಸ್ ನೋಡಿ, ಸರಿಮಾಡಿ." ಓದಿದವರು ಏನು ಮಾಡುತ್ತಾರೆ ಅಂತ ತಿಳಿಯಬೇಕಿತ್ತು. ಹಾಗಾಗಿ ಬೇಕೆಂದೇ ಎಡಗಡೆ ಸ್ಪೀಕರಿನ ಎರಡು ವೈರು ಅದಲುಬದಲು ಮಾಡಿಟ್ಟೆ. ಒಂದು ಹಾಡು ಹಾಕಿ, ಪುಟವನ್ನು ಅಕ್ಕ ಮತ್ತು ಭಾವನ ಕೈಗೆ ಕೊಟ್ಟೆ.

ಅಕ್ಕ ಎದ್ದುಹೋಗಿ ಎರಡೂ ಸ್ಪೀಕರುಗಳ ಮುಖವನ್ನು ಕುರ್ಚಿಯ ಕಡೆಗೆ ತಿರುಗಿಸಿದಳು. ಭಾವ ಟೆಸ್ಟರ್ ತಂದರು. ಗೋಡೆಯ ಸಾಕೆಟ್ಟಿನ ಒಂದೊಂದೇ ತೂತಿಗೆ ಇಟ್ಟು ನೋಡಿ, "ಫೇಸ್ ಬರ್ತಾ ಇದೆಯಲ್ಲ, ಸರಿಯಾಗೇ ಇದೆ" ಅಂದರು. ಇಬ್ಬರೂ ಮಾಡಿದ್ದು ನಾನು ಬರೆದದ್ದನ್ನೇ. ಕನ್ನಡ ಲಿಪಿಯಲ್ಲಿ ಮೂರು ಬೇರೆ ಬೇರೆ ಮಾತುಗಳು ಒಂದೇ ವೇಷದಲ್ಲಿ ನಿಂತಿವೆ. ಮುಖ ಅನ್ನುವ ಫೇಸ್ ಒಂದು. ಕರೆಂಟಿನವರು ನ್ಯೂಟ್ರಲ್, ಅರ್ತ್ ಜೊತೆಗೆ ಹೇಳುವ ಫೇಸ್ ಇನ್ನೊಂದು. ಸ್ಪೀಕರಿನದು ಮೂರನೆಯದು.

ಮೊದಲನೆಯದಕ್ಕೂ ಉಳಿದೆರಡಕ್ಕೂ ಹುಟ್ಟಿನ ನಂಟಿಲ್ಲ. ಅದು ಲ್ಯಾಟಿನ್ನಿನ ಕಡೆಯಿಂದ ಬಂದದ್ದು. ಉಳಿದೆರಡೂ ಗ್ರೀಕಿನ ಒಂದೇ ಮಾತಿನಿಂದ ಬಂದ ಅಣ್ಣತಮ್ಮಂದಿರು. 'ಕಾಣಿಸಿಕೊಳ್ಳುವುದು' ಅನ್ನುವುದು ಅದರ ಮೂಲ ಅರ್ಥ. ಇಂಗ್ಲಿಷಿನಲ್ಲಿ ಮೊದಲು ಚಂದ್ರನ ಏರಿಳಿತಕ್ಕೆ ಅಂಟಿಕೊಂಡಿತು. ಆಮೇಲೆ ಸುತ್ತುಸುತ್ತಾಗಿ ನಡೆಯುವ ಯಾವುದೇ ಚಲನೆ ಈಗ ತನ್ನ ಸುತ್ತಿನ ಯಾವ ಜಾಗದಲ್ಲಿದೆ ಅನ್ನುವುದಕ್ಕೂ ಬಳಕೆಯಾಯಿತು. ಮೂರು ತಂತಿಯ ಕರೆಂಟಿನಲ್ಲಿ ಒಂದೊಂದು ತಂತಿಯ ಏರಿಳಿತ ಇನ್ನೊಂದಕ್ಕಿಂತ ಮೂರನೇ ಒಂದು ಸುತ್ತು ಹಿಂದೆ ಇರುತ್ತದೆ. ಅದಕ್ಕೇ ಅದು ತ್ರೀ ಫೇಸ್. ಅಲ್ಲಿಂದ ಕರೆಂಟು ಹರಿಯುವ ತಂತಿಗೇ ಫೇಸ್ ಅನ್ನುವ ಹೆಸರು ನಿಂತಿತು. ಭಾವನ ಟೆಸ್ಟರ್ ಹುಡುಕಿದ್ದು ಆ ತಂತಿಯನ್ನು.

ಈಗ ಸ್ಪೀಕರಿನ ವಿಷಯ. ಆಂಪ್ಲಿಫೈಯರಿನ ಹಿಂದೆ ಪ್ರತಿ ಸ್ಪೀಕರಿಗೂ ಒಂದು ಕೆಂಪು, ಒಂದು ಕಪ್ಪು ತಿರುಪು ಇರುತ್ತವೆ. ಸ್ಪೀಕರಿನ ಹಿಂದೆಯೂ ಹಾಗೇ. ಕೆಂಪಿನಿಂದ ಕೆಂಪಿಗೆ, ಕಪ್ಪಿನಿಂದ ಕಪ್ಪಿಗೆ ಹೋಗಬೇಕು. ಜೋಡಿ ವೈರಿನಲ್ಲಿ ಗುರುತಿಗೆ ಅಂತಲೇ ಒಂದು ಎಳೆಯ ಮೇಲೆ ಉದ್ದಕ್ಕೂ ಗೆರೆ ಇರುತ್ತದೆ. ಇಲ್ಲದಿದ್ದರೆ ಒಂದು ತಾಮ್ರದ ಬಣ್ಣ, ಇನ್ನೊಂದು ಬೆಳ್ಳಿಯ ಬಣ್ಣ. ಕತ್ತಲಲ್ಲಿ ಬೆರಳಿಟ್ಟು ಸವರಿದರೆ ಕೆಲವು ವೈರುಗಳ ಗೆರೆ ಉಬ್ಬಾಗಿ ಕೈಗೇ ಸಿಗುತ್ತದೆ. ಇಷ್ಟೆಲ್ಲ ಇದ್ದೂ ಬೀರುವಿನ ಹಿಂದೆ ಕೈ ತೂರಿಸಿಕೊಂಡು ಸಿಕ್ಕಿಸುವಾಗ ಒಂದು ಕಡೆ ಅದಲುಬದಲಾಗುತ್ತದೆ.

ಆಗ ಏನಾಗುತ್ತದೆ? ಬಲಗಡೆ ಸ್ಪೀಕರಿನ ಕೋನ್, ಅಂದರೆ ಅದುರಿ ಸದ್ದು ಮಾಡುವ ತಟ್ಟೆ, ಮುಂದಕ್ಕೆ ಬಂದಾಗ ಎಡಗಡೆಯದು ಹಿಂದಕ್ಕೆ ಹೋಗುತ್ತದೆ. ಒಂದು ಗಾಳಿಯನ್ನು ತಳ್ಳುತ್ತದೆ, ಇನ್ನೊಂದು ಎಳೆಯುತ್ತದೆ. ನಮ್ಮ ಗಾದೆ ಇದನ್ನು ಬಹಳ ಹಿಂದೆಯೇ ಹೇಳಿಟ್ಟಿದೆ: ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎರಡೂ ದುಡಿಯುತ್ತವೆ, ಆದರೆ ಗಾಡಿ ಮುಂದೆ ಹೋಗುವುದಿಲ್ಲ. ಜಾಸ್ತಿ ಪೆಟ್ಟು ಬೀಳುವುದು ಬೇಸ್ ಅನ್ನುವ ತಗ್ಗು ಸದ್ದಿಗೆ. 50 ಹರ್ಟ್ಸಿನ, ಅಂದರೆ ಸೆಕೆಂಡಿಗೆ 50 ಸಲ ಅದುರುವ ಸದ್ದಿನ, ಒಂದು ಅಲೆ ಸುಮಾರು 7 ಮೀಟರ್ ಉದ್ದ. ಅಷ್ಟು ಉದ್ದದ ಅಲೆಯ ಮುಂದೆ ಎರಡು ಸ್ಪೀಕರುಗಳ ನಡುವಿನ ಅಂತರ ಏನೇನೂ ಅಲ್ಲ. ತಳ್ಳಿದ್ದನ್ನು ಎಳೆದದ್ದು ತಿಂದುಹಾಕುತ್ತದೆ. 5,000 ಹರ್ಟ್ಸಿನ ಅಲೆ 7 ಸೆಂಟಿಮೀಟರ್ ಅಷ್ಟೇ. ತಲೆ ಸ್ವಲ್ಪ ಅಲುಗಿದರೂ ಲೆಕ್ಕ ಬದಲಾಗುವುದರಿಂದ ಅಲ್ಲಿ ತಪ್ಪು ಅಷ್ಟಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಸದ್ದು ಇದೆ, ಆದರೆ ಕೆಳಗಿನ ಹೂರಣವೇ ಇಲ್ಲ ಅನ್ನಿಸುತ್ತದೆ.

ಇನ್ನೊಂದು ಗುರುತು ಹಾಡುವವರ ದನಿ. ಸರಿಯಾಗಿ ಜೋಡಿಸಿದ್ದರೆ ದನಿ ಎರಡು ಸ್ಪೀಕರುಗಳ ನಡುವೆ, ಏನೂ ಇಲ್ಲದ ಜಾಗದಿಂದ ಬಂದ ಹಾಗೆ ಕೇಳುತ್ತದೆ. ಅದಲುಬದಲಾದರೆ ದನಿ ಎಲ್ಲಿದೆ ಅಂತಲೇ ಹೇಳಲಾಗುವುದಿಲ್ಲ. ಕೋಣೆಯೆಲ್ಲ ಹರಡಿಕೊಂಡು, ಕಿವಿಯ ಪಕ್ಕದಲ್ಲೆಲ್ಲೋ ತೇಲುತ್ತದೆ. ಅವತ್ತು ನಾನು ಎಡಗಡೆ ತಿರುಪು ಸಡಿಲಿಸಿ ವೈರು ಬದಲಿಸಿ ಮತ್ತೆ ಬಿಗಿ ಮಾಡಿದೆ. ಅಕ್ಕ ಕಣ್ಣು ಮುಚ್ಚಿ ಕೂತಿದ್ದಳು. ಹಾಡು ಶುರುವಾಯಿತು. ಅವಳು ಕಣ್ಣು ತೆರೆಯದೆ ಸರಿಯಾಗಿ ನಡುವಿಗೆ ಬೆರಳು ತೋರಿಸಿ, "ಈಗ ಇಲ್ಲಿ ಬಂದು ನಿಂತ್ಲು" ಅಂದಳು. ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. ಪುಟದಲ್ಲಿ ಆ ಮಾತನ್ನೇ ಹಾಕಿದ್ದೇನೆ.

ಸರಿ, ಪದ ಯಾವುದು?

ವಿಜ್ಞಾನದ ಪುಸ್ತಕಗಳಲ್ಲಿ 'ಪ್ರಾವಸ್ಥೆ' ಇದೆ. ಪಾಠಕ್ಕೆ ಆಗಬಹುದು. ವೈರು ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತವರಿಗೆ "ಪ್ರಾವಸ್ಥೆ ಪರಿಶೀಲಿಸಿ" ಅಂದರೆ ಕೈ ಎಲ್ಲಿಗೆ ಹೋಗಬೇಕು? ಎಲ್ಲಿಗೂ ಹೋಗುವುದಿಲ್ಲ. 'ಹಂತ' ಸುಲಭದ ಮಾತು. ಆದರೆ ಮೊದಲ ಹಂತ, ಎರಡನೇ ಹಂತ ಅಂತ ಕೆಲಸದ ಹೆಜ್ಜೆಗಳಿಗೇ ನನ್ನ ಪುಟದಲ್ಲಿ ಅದು ಹತ್ತು ಸಲ ಬಂದುಬಿಟ್ಟಿದೆ. ಚಂದ್ರನಿಗೆ ನಮ್ಮಲ್ಲಿ ಆಗಲೇ 'ಕಲೆ' ಇದೆ. ಹುಟ್ಟಿನ ಲೆಕ್ಕದಲ್ಲಿ ಇದೇ ಅತ್ಯಂತ ಹತ್ತಿರದ ಪದ, ನನಗೂ ಆಸೆಯಾಯಿತು. "ಸ್ಪೀಕರಿನ ಕಲೆ ನೋಡಿ" ಅಂತ ಬರೆದರೆ ಮಾತ್ರ ಓದಿದವರು ಒದ್ದೆಬಟ್ಟೆ ತಂದು ಒರೆಸಲು ಕೂರುತ್ತಾರೆ, ಖಂಡಿತ. 'ತಾಳ', 'ಲಯ' ಎರಡನ್ನೂ ಯೋಚಿಸಿದೆ. "ತಾಳ ತಪ್ಪಿದೆ" ಅಂದರೆ ತಪ್ಪು ಹಾಡಿನವರ ತಲೆಗೆ ಬರುತ್ತದೆ. ಸ್ಪೀಕರಿನ ವೈರಿಗೆ ಮೃದಂಗದವರು ಯಾಕೆ ಬೈಸಿಕೊಳ್ಳಬೇಕು? ಅದು ಬೇಡ.

ಇಷ್ಟು ಪದ ಹಾಕಿ ತೆಗೆದ ಮೇಲೆ ನನ್ನ ಸಾಲಿನಲ್ಲೇ ಒಂದು ತಪ್ಪು ಕಂಡಿತು. "ಸ್ಪೀಕರಿನ ಫೇಸ್" ಅಂತ ಒಂದೇ ಸ್ಪೀಕರಿಗೆ ಹೇಳುವ ಹಾಗೇ ಇಲ್ಲ. ಎರಡೂ ಸ್ಪೀಕರುಗಳ ವೈರನ್ನು ಅದಲುಬದಲು ಮಾಡಿ ನೋಡಿ. ಎರಡೂ ಒಟ್ಟಿಗೆ ಹಿಂದಕ್ಕೆ ಹೋಗುತ್ತವೆ, ಒಟ್ಟಿಗೆ ಮುಂದಕ್ಕೆ ಬರುತ್ತವೆ. ಬೇಸ್ ತುಂಬಿಕೊಂಡು ಬರುತ್ತದೆ, ದನಿ ನಡುವೆಯೇ ನಿಲ್ಲುತ್ತದೆ. ಅಂದರೆ ತಪ್ಪಿರುವುದು ಒಂದರಲ್ಲಲ್ಲ, ಎರಡರ ನಡುವೆ. ಬೇಕಾಗಿರುವ ಪದಕ್ಕೂ ಇಬ್ಬರು ಬೇಕು. ಕೂಡು, ಹೊಂದು, ಜೊತೆಯಾಗು ಅನ್ನುವ ಮಾತುಗಳ ಹಾಗೆ.

ಇಲ್ಲಿಂದ ನನಗೆ 'ಹೆಜ್ಜೆ' ಹೊಳೆಯಿತು. ಇಬ್ಬರು ಜೊತೆಯಾಗಿ ನಡೆಯುವಾಗ ಇಬ್ಬರ ಬಲಗಾಲೂ ಒಟ್ಟಿಗೆ ಬಿದ್ದರೆ ಹೆಜ್ಜೆ ಕೂಡಿತು. ಒಬ್ಬರದು ಬಲ, ಇನ್ನೊಬ್ಬರದು ಎಡ ಬಿದ್ದರೆ ಹೆಜ್ಜೆ ಕೂಡಲಿಲ್ಲ. ಒಬ್ಬರೇ ನಡೆಯುವಾಗ ಹೆಜ್ಜೆ ಕೂಡುವ ಮಾತೇ ಇಲ್ಲ. "ಎರಡು ಸ್ಪೀಕರುಗಳ ಹೆಜ್ಜೆ ಕೂಡುತ್ತಿಲ್ಲ." ಓದಲು ಸಹಜವಾಗಿದೆ ಅಲ್ವಾ? ಎಳೆದು ತಂದ ಹಾಗಿಲ್ಲ.

ಈ ಪದದ ಮೇಲೆ ನನಗೆ ಪ್ರೀತಿ ಜಾಸ್ತಿಯಾದದ್ದು ಬರೀ ಬೇಸ್ ನುಡಿಸುವ ಸ್ಪೀಕರಾದ ಸಬ್‌ವೂಫರಿನ ಹತ್ತಿರ ಬಂದಾಗ. ಸಬ್‌ವೂಫರಿನ ಹಿಂದೆ 0 ಮತ್ತು 180 (ಡಿಗ್ರಿ, ಅಂದರೆ ಅರ್ಧ ಸುತ್ತು) ಅಂತ ಬರೆದ ಒಂದು ಸ್ವಿಚ್ಚು ಇರುತ್ತದೆ. ಕೆಲವದರಲ್ಲಿ 0ಯಿಂದ 180ರ ತನಕ ತಿರುಗುವ ಗುಂಡಿ ಇರುತ್ತದೆ. ಅದರ ಹೆಸರೂ ಫೇಸ್. ಅಲ್ಲಿ ವೈರು ಅದಲುಬದಲಾಗಿಲ್ಲ. ಎಲ್ಲ ಸರಿಯಾಗಿದ್ದರೂ ತೊಂದರೆ ಬರಬಹುದು, ಯಾಕೆಂದರೆ ಸಬ್‌ವೂಫರ್ ಮೂಲೆಯಲ್ಲಿ ದೂರ ಇರುತ್ತದೆ. ಸದ್ದು ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಸಬ್‌ವೂಫರ್ ಉಳಿದವುಗಳಿಗಿಂತ 3.4 ಮೀಟರ್ ಆಚೆ ಇದ್ದರೆ ಅದರ ಸದ್ದು 10 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. 50 ಹರ್ಟ್ಸಿನ ಒಂದು ಸುತ್ತಿಗೆ 20 ಮಿಲಿಸೆಕೆಂಡ್ ಬೇಕು. ಅಂದರೆ ಸರಿಯಾಗಿ ಅರ್ಧ ಸುತ್ತು ಹಿಂದೆ. ಒಂದರ ಬಲಗಾಲಿಗೆ ಇನ್ನೊಂದರ ಎಡಗಾಲು. ಅದೇ ದೂರದಲ್ಲಿ 100 ಹರ್ಟ್ಸ್ ತೆಗೆದುಕೊಳ್ಳಿ. ಅದರ ಸುತ್ತಿಗೆ 10 ಮಿಲಿಸೆಕೆಂಡ್ ಸಾಕು. ಪೂರ್ತಿ ಒಂದು ಸುತ್ತು ಹಿಂದೆ ಬಿದ್ದು ಮತ್ತೆ ಹೆಜ್ಜೆ ಕೂಡಿಬಿಡುತ್ತದೆ! ದೂರ ಒಂದೇ, ತಡವೂ ಒಂದೇ. ನಡಿಗೆ ಬೇರೆಯಾದ್ದರಿಂದ ಒಂದು ಕಡೆ ಹೆಜ್ಜೆ ಕೂಡಿತು, ಇನ್ನೊಂದು ಕಡೆ ಕೂಡಲಿಲ್ಲ. 'ಅದಲುಬದಲು' ಅನ್ನುವ ಮಾತು ಇದನ್ನು ಹೇಳಲಾರದು. 'ಹೆಜ್ಜೆ' ಹೇಳುತ್ತದೆ.

ಹಾಗಾಗಿ ಎರಡು ಬೇರೆ ಪದ ಇಟ್ಟುಕೊಳ್ಳಬೇಕು ಅನ್ನುವುದು ನನ್ನ ಅನಿಸಿಕೆ. ವೈರಿನ ತಪ್ಪಿಗೆ 'ಅದಲುಬದಲು'. ಮಾತಿನಲ್ಲಿ ನಾವೆಲ್ಲ 'ಉಲ್ಟಾ' ಅನ್ನುತ್ತೇವೆ, ಅದೂ ನಡೆಯುತ್ತದೆ. ಸದ್ದು ಹಿಂದುಮುಂದಾಗುವುದಕ್ಕೆ 'ಹೆಜ್ಜೆ'. ಸೌಂಡಿನ ಕೆಲಸದವರೇ ಎಷ್ಟೋ ಸಲ ಎರಡಕ್ಕೂ ಫೇಸ್ ಅಂದುಬಿಡುತ್ತಾರೆ, ಮೊದಲನೆಯದಕ್ಕೆ ಅವರಲ್ಲೂ ಪೊಲಾರಿಟಿ ಅನ್ನುವ ಬೇರೆ ಹೆಸರಿದ್ದರೂ. ಆ ಗೊಂದಲವನ್ನು ನಾವು ಯಾಕೆ ಹೊತ್ತುಕೊಂಡು ಬರಬೇಕು? ಹೊಸದಾಗಿ ಬರೆಯುವವರಿಗೆ ಇದೊಂದು ಅನುಕೂಲ ಇದೆ.

ಅದಲುಬದಲಾಗಿದೆಯೇ ಅಂತ ನೋಡುವ ಬಗೆಯನ್ನೂ ಪುಟದಲ್ಲಿ ಬರೆದಿದ್ದೇನೆ. ಸ್ಪೀಕರಿನ ವೈರನ್ನು ಆಂಪ್ಲಿಫೈಯರಿನಿಂದ ಬಿಚ್ಚಿ, 1.5 ವೋಲ್ಟಿನ ಸಾದಾ ಸೆಲ್ಲಿಗೆ ಒಂದು ಕ್ಷಣ ಮುಟ್ಟಿಸಬೇಕು. ಕೆಂಪಿನ ಎಳೆ ಸೆಲ್ಲಿನ ಪ್ಲಸ್ಸಿಗೆ. 'ಟಪ್' ಅಂತ ಕೋನ್ ಮುಂದಕ್ಕೆ ಬಂದರೆ ಸರಿ, ಒಳಕ್ಕೆ ಹೋದರೆ ಎಲ್ಲೋ ಅದಲುಬದಲಾಗಿದೆ. ಬಟ್ಟೆಯ ಮುಚ್ಚಳ ತೆಗೆದು ಬೆರಳ ತುದಿ ಮೆಲ್ಲಗೆ ತಾಗಿಸಿದರೆ ಕಣ್ಣಿಗಿಂತ ಬೇಗ ಗೊತ್ತಾಗುತ್ತದೆ. ಮುಟ್ಟಿಸಿ ಹಾಗೇ ಹಿಡಿದುಕೊಂಡು ಕೂರಬಾರದು, ಅಷ್ಟೇ.

ಉಳಿದ ಪದಗಳು ಅಷ್ಟು ಕಾಡಲಿಲ್ಲ. ಇನ್, ಔಟ್, ಆಂಪ್, ರಿಮೋಟ್ ಎಲ್ಲ ಹಾಗೇ ಇಟ್ಟೆ. ಪೆಟ್ಟಿಗೆಯ ಬೆನ್ನ ಮೇಲೆ ಅಚ್ಚಾಗಿರುವ ಮಾತನ್ನು ಬದಲಿಸಿದರೆ ಓದುವವರು ಅದನ್ನು ಹುಡುಕುವುದಾದರೂ ಹೇಗೆ? ಅದೇ ಕಾರಣಕ್ಕೆ ಫೇಸ್ ಅನ್ನುವ ಮಾತನ್ನೂ ಒಂದು ಕಡೆ ಕೊಡಲೇಬೇಕು, ಸಬ್‌ವೂಫರಿನ ಗುಂಡಿಯ ಮೇಲೆ ಅದೇ ಇರುವುದರಿಂದ. ಆದರೆ ವಿವರಿಸುವ ಮಾತು ನಮ್ಮದಾಗಿರಲಿ.

ಇದೇ ತರಹದ ಇನ್ನೊಂದು ಮಾತು 'ಫೋನೊ'. ಕೆಲವು ಆಂಪ್ಲಿಫೈಯರುಗಳ ಹಿಂದೆ ಹಾಗೆ ಬರೆದ ಎರಡು ತೂತು ಇರುತ್ತವೆ. ಅದು ರೆಕಾರ್ಡ್ ಪ್ಲೇಯರಿಗೆ. ಫೋನ್ ಜೋಡಿಸಲು ಅಂದುಕೊಂಡು ಅಲ್ಲಿ ಸಿಕ್ಕಿಸಿದವರನ್ನು ಕಣ್ಣಾರೆ ನೋಡಿದ್ದೇನೆ. ರೆಕಾರ್ಡಿನ ಮುಳ್ಳಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ಅದನ್ನು ಹಿಗ್ಗಿಸಲು ಆ ತೂತಿನ ಹಿಂದೆ ಬೇರೆಯೇ ಏರ್ಪಾಡು ಇದೆ. ಅಲ್ಲಿ ಫೋನ್ ಕೊಟ್ಟರೆ ದನಿ ಹರಿದುಹೋಗಿ ಗೊರಗೊರ ಅನ್ನುತ್ತದೆ. ಇದಕ್ಕೆ 'ರೆಕಾರ್ಡಿನ ತೂತು' ಅಂತ ಬರೆದು, ಪಕ್ಕದಲ್ಲಿ "ಇಲ್ಲಿ ಫೋನ್ ಸಿಕ್ಕಿಸಬೇಡಿ" ಅಂತ ದಪ್ಪ ಅಕ್ಷರದಲ್ಲಿ ಹಾಕಿ ಮುಂದೆ ಹೋದೆ. 'ತೂತು' ಒರಟಾಯಿತು ಅನ್ನುವವರಿದ್ದರೆ ಬೇರೆ ಸೂಚಿಸಿ. 'ಕಿಂಡಿ' ಅನ್ನಬಹುದೇನೋ.

ಈಗ ತಿದ್ದಿದ ಸಾಲು ಹೀಗಿದೆ:

"ಬೇಸ್ ತೆಳ್ಳಗಾಗಿ, ಹಾಡುವವರ ದನಿ ನಡುವೆ ನಿಲ್ಲದಿದ್ದರೆ ಎರಡು ಸ್ಪೀಕರುಗಳ ಹೆಜ್ಜೆ ಕೂಡುತ್ತಿಲ್ಲ. ಯಾವುದೋ ಒಂದರ ಹಿಂದೆ ಕೆಂಪು, ಕಪ್ಪು ವೈರು ಅದಲುಬದಲಾಗಿರಬಹುದು, ನೋಡಿ."

ಭಾವ ಓದಿ ನೇರವಾಗಿ ಸ್ಪೀಕರಿನ ಹಿಂದಕ್ಕೆ ಹೋದರು. ಅಕ್ಕ ಒಪ್ಪಲಿಲ್ಲ. "ಕಾಲಿಲ್ಲದ್ದಕ್ಕೆ ಹೆಜ್ಜೆ ಯಾಕೆ, ಎರಡೂ ಜೊತೆಯಾಗಿ ದುಡೀತಿಲ್ಲ ಅಂತ ಬರಿ" ಅನ್ನುತ್ತಾಳೆ. ಅವಳ ಮಾತಿನಲ್ಲೂ ಇಬ್ಬರು ಇದ್ದಾರೆ. ಆದರೆ ಅದರಲ್ಲಿ ಸುತ್ತು, ತಡ, ಹಿಂದೆ ಬೀಳುವುದು ಇಲ್ಲ. ಸಬ್‌ವೂಫರಿನ ಗುಂಡಿಯ ಹತ್ತಿರ ಬಂದಾಗ ಮತ್ತೆ ಬೇರೆ ಪದ ಹುಡುಕಬೇಕಾಗುತ್ತದೆ.

ನಿಮ್ಮಲ್ಲಿ ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡಿದವರು, ಮೈಕ್‌ಸೆಟ್ ಕಟ್ಟುವವರು ಯಾರಾದರೂ ಇದ್ದರೆ ಕೇಳಬೇಕಿತ್ತು. ಎರಡು ಸ್ಪೀಕರು ಒಂದಕ್ಕೊಂದು ಎದುರಾಗಿ ಎಳೆಯುವಾಗ ನೀವು ಕೆಲಸದಲ್ಲಿ ಒಬ್ಬರಿಗೊಬ್ಬರು ಏನನ್ನುತ್ತೀರಿ? ಆ ಮಾತು ಇದ್ದರೆ ನನ್ನ 'ಹೆಜ್ಜೆ'ಯನ್ನು ತೆಗೆದು ಅದನ್ನೇ ಹಾಕುತ್ತೇನೆ.