'ಸಲಹೆಯಂತೆ' ಅನ್ನಬೇಕಾ, 'ಸಲಹೆ ಕೇಳಿ' ಅನ್ನಬೇಕಾ? ಭೂತಾನ್ ಒಪ್ಪಂದದ ಒಂದು ಸಾಲು

ಎಲ್ಲರಿಗೂ ನಮಸ್ಕಾರ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಮಕ್ಕಳಿಗಾಗಿ ನೆರೆಹೊರೆಯ ದೇಶಗಳ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ನೇಪಾಳ, ಶ್ರೀಲಂಕಾ ಮುಗಿದವು. ಈಗ ಭೂತಾನ್. ಎಂಟು ಲಕ್ಷಕ್ಕೂ ಕಡಿಮೆ ಜನ ಇರುವ ದೇಶ, ಎರಡು ಪುಟದಲ್ಲಿ ಮುಗಿಯುತ್ತೆ ಅಂತ ನೋಡಿದವರಿಗೆ ಅನ್ನಿಸಬಹುದು. ಆದರೆ ಅದರ ವಿದೇಶಾಂಗ ನೀತಿಯ ಅರ್ಧ ಕಥೆ ಒಂದೇ ಸಾಲಿನಲ್ಲಿದೆ, ಆ ಸಾಲನ್ನು ಕನ್ನಡಕ್ಕೆ ತರುವುದು ಸುಲಭವಿಲ್ಲ.

1949ರ ಆಗಸ್ಟ್ 8ರಂದು ಡಾರ್ಜಿಲಿಂಗ್‌ನಲ್ಲಿ ಭಾರತ ಮತ್ತು ಭೂತಾನ್ ಸಹಿ ಹಾಕಿದ ಒಪ್ಪಂದ. ಅದರ ಎರಡನೇ ಕಲಮು. ಅದರಲ್ಲಿ ಎರಡು ಮಾತು. ಭೂತಾನಿನ ಒಳಾಡಳಿತದಲ್ಲಿ ಭಾರತ ಕೈ ಹಾಕುವುದಿಲ್ಲ ಅನ್ನುವುದು ಮೊದಲನೆಯದು, ಇದರಲ್ಲಿ ತಕರಾರಿಲ್ಲ. ಹೊರದೇಶಗಳ ಜೊತೆಗಿನ ವ್ಯವಹಾರದಲ್ಲಿ ಭೂತಾನ್ ಸರ್ಕಾರ ಭಾರತ ಸರ್ಕಾರದ 'ಅಡ್ವೈಸ್'ನಿಂದ 'ಗೈಡ್' ಆಗಲು ಒಪ್ಪುತ್ತದೆ ಅನ್ನುವುದು ಎರಡನೆಯದು. ತೊಡಕು ಇಲ್ಲಿದೆ.

ನಮ್ಮ ಕೈಗೆ ಸಿಗುವ ಗೈಡುಗಳಲ್ಲಿ ಇದನ್ನು 'ಭಾರತದ ಸಲಹೆಯಂತೆ ನಡೆದುಕೊಳ್ಳತಕ್ಕದ್ದು' ಅಂತ ಬರೆದಿರುತ್ತಾರೆ. 'ಮಾರ್ಗದರ್ಶನದಂತೆ' ಅಂತಲೂ ನೋಡಿದ್ದೇನೆ. ಓದೋಕೆ ಚೆನ್ನಾಗಿದೆ, ಆದರೆ ಹೀಗೆ ಬರೆದ ಕೂಡಲೇ ನಾವು ಒಂದು ಪಕ್ಷ ಸೇರಿಬಿಡುತ್ತೇವೆ. ಯಾಕೆ ಅಂದರೆ ಆ ಸಾಲಿನ ಅರ್ಥದ ಬಗ್ಗೆಯೇ ದೆಹಲಿಗೂ ಭೂತಾನಿನ ರಾಜಧಾನಿ ಥಿಂಫುವಿಗೂ ಒಂದು ಮಾತಿರಲಿಲ್ಲ. ಸಲಹೆ ಕೊಟ್ಟ ಮೇಲೆ ಅದಕ್ಕೆ ಬದ್ಧರಾಗಿರಬೇಕು ಅನ್ನುವುದು ದೆಹಲಿಯ ಕಡೆಯ ಓದು. ಸಲಹೆ ಕೇಳುತ್ತೇವೆ, ಗೌರವದಿಂದ ಕೇಳುತ್ತೇವೆ, ತೀರ್ಮಾನ ಮಾತ್ರ ನಮ್ಮದು ಅನ್ನುವುದು ಭೂತಾನಿನ ಓದು. ಇದು ಬರೀ ವಾದವಾಗಿ ಉಳಿಯಲಿಲ್ಲ. 1979ರಲ್ಲಿ ಹವಾನಾದ ಅಲಿಪ್ತ ಶೃಂಗಸಭೆಯಲ್ಲಿ ಕಾಂಬೋಡಿಯಾದ ಕುರ್ಚಿಯಲ್ಲಿ ಯಾವ ಸರ್ಕಾರದವರು ಕೂರಬೇಕು ಅನ್ನುವ ಪ್ರಶ್ನೆ ಬಂತು. ಆಗ ಭೂತಾನ್ ಭಾರತಕ್ಕಿಂತ ಬೇರೆ ನಿಲುವು ತೆಗೆದುಕೊಂಡಿತು. ಒಪ್ಪಂದ ಮಾತ್ರ ಹಾಗೇ ಇತ್ತು. 'ಸಲಹೆಯಂತೆ ನಡೆಯತಕ್ಕದ್ದು' ಅಂತ ಓದಿದ ಹುಡುಗನಿಗೆ ಈ ಘಟನೆ ಒಪ್ಪಂದ ಮುರಿದಂತೆ ಕಾಣುತ್ತದೆ, ಅಲ್ವಾ?

ಇಲ್ಲಿ ಇನ್ನೊಂದು ವಿಷಯವೂ ಸೇರಿಕೊಳ್ಳುತ್ತದೆ. ನಮ್ಮ ಓದುಗರಿಗೆ 'ಸಲಹೆ' ಅನ್ನುವ ಪದ ಈಗಾಗಲೇ ಒಂದು ಕಡೆ ವಾಲಿದೆ. ಸಂಪುಟದ ಸಲಹೆಯಂತೆ ರಾಜ್ಯಪಾಲರು, ಮಂತ್ರಿಮಂಡಲದ ಸಲಹೆಯಂತೆ ರಾಷ್ಟ್ರಪತಿ ಅಂತ ದಿನಾ ಪತ್ರಿಕೆಯಲ್ಲಿ ಓದುತ್ತೇವೆ. ಅಲ್ಲಿ ಸಲಹೆ ಅಂದರೆ ಬಿಟ್ಟರೂ ನಡೆಯುವಂಥದ್ದಲ್ಲ. ರಾಷ್ಟ್ರಪತಿಯ ವಿಷಯದಲ್ಲಂತೂ 42ನೇ ತಿದ್ದುಪಡಿ ಅದನ್ನು ಕಡ್ಡಾಯವೇ ಮಾಡಿತು. ಒಮ್ಮೆ ವಾಪಸ್ ಕಳಿಸಬಹುದು ಅನ್ನುವ ಅವಕಾಶ 44ನೇ ತಿದ್ದುಪಡಿಯಲ್ಲಿ ಬಂತು, ಅಷ್ಟೇ. ಹೋದ ತಿಂಗಳು ತರಗತಿಯಲ್ಲಿ ಈ ಕಲಮು ಹೇಳುವಾಗ ಒಬ್ಬ ಹುಡುಗಿ ಕೇಳಿದಳು: "ಹಾಗಾದ್ರೆ ಭೂತಾನ್ ರಾಜ ನಮ್ಮ ರಾಜ್ಯಪಾಲರ ಥರಾನಾ ಸರ್?" ಆ ಮಗು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಾವು ಕೊಟ್ಟ ಪದ ಅವಳನ್ನು ಅಲ್ಲಿಗೇ ಕರೆದುಕೊಂಡು ಹೋಗಿತ್ತು.

ಜೊತೆಯಲ್ಲಿ ಪಾಠ ಮಾಡುವ ಇತಿಹಾಸದ ಮೇಷ್ಟ್ರು "ಸುಮ್ನೆ ಸಾಮಂತ ರಾಜ್ಯ ಅಂತ ಹಾಕಿ, ಎಲ್ಲರಿಗೂ ಗೊತ್ತಾಗುತ್ತೆ" ಅಂದರು. ಸಾಮಂತ, ಮಾಂಡಲಿಕ ನಮಗೆ ಶಾಸನಗಳಿಂದ ಬಂದ ಪದಗಳು, ರಾಷ್ಟ್ರಕೂಟ, ಚಾಳುಕ್ಯರ ಪಾಠದಲ್ಲಿ ಎಲ್ಲ ಮಕ್ಕಳೂ ಓದಿರುತ್ತಾರೆ. ಆದರೆ ಸಾಮಂತ ಕಪ್ಪ ಕೊಡುತ್ತಾನೆ, ಯುದ್ಧಕ್ಕೆ ಸೈನ್ಯ ತರುತ್ತಾನೆ. ಭೂತಾನ್ ವಿಷಯದಲ್ಲಿ ಹಣ ಹರಿದದ್ದು ಉಲ್ಟಾ. 1865ರಲ್ಲಿ ಸಿಂಚುಲಾ ಒಪ್ಪಂದವಾಯಿತು. ಬ್ರಿಟಿಷರು ಭೂತಾನಿನ ತಪ್ಪಲಿನ ದ್ವಾರ್ ಪ್ರದೇಶ ಕಿತ್ತುಕೊಂಡರು, ಅದಕ್ಕೆ ಬದಲಾಗಿ ವರ್ಷಕ್ಕೆ 50,000 ರೂಪಾಯಿ ಭೂತಾನಿಗೆ ಕೊಡಲು ಒಪ್ಪಿದರು. 1910ರ ಪುನಾಖಾ ಒಪ್ಪಂದದಲ್ಲಿ ಅದು ಒಂದು ಲಕ್ಷವಾಯಿತು. 'ಸಲಹೆ'ಯ ಸಾಲು ಹುಟ್ಟಿದ್ದೂ ಅದೇ 1910ರಲ್ಲಿ. ಸ್ವತಂತ್ರ ಭಾರತ 1949ರಲ್ಲಿ ಬ್ರಿಟಿಷ್ ಸರ್ಕಾರ ಅಂತ ಇದ್ದ ಕಡೆ ತನ್ನ ಹೆಸರು ಹಾಕಿ ಅದೇ ಮಾತು ಉಳಿಸಿಕೊಂಡಿತು. ಹಣವನ್ನು 5 ಲಕ್ಷಕ್ಕೆ ಏರಿಸಿತು, ದೇವಾನ್‌ಗಿರಿ ಕಡೆಯ ಸುಮಾರು 32 ಚದರ ಮೈಲಿ ಜಾಗವನ್ನೂ ವಾಪಸ್ ಕೊಟ್ಟಿತು.

ಇದಕ್ಕೆ ಎದುರು ನಮ್ಮ ಮೈಸೂರನ್ನು ಇಟ್ಟು ನೋಡಿ. 1799ರ ಒಪ್ಪಂದದಲ್ಲಿ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕಂಪನಿಗೆ ಕಟ್ಟಬೇಕಿತ್ತು. ಒಳಾಡಳಿತಕ್ಕೂ ಕಂಪನಿ ಕೈ ಹಾಕಬಹುದಿತ್ತು, 1831ರಲ್ಲಿ ಹಾಕಿಯೂ ಹಾಕಿತು, ಮತ್ತೆ ರಾಜ್ಯ ಒಡೆಯರ ಕೈಗೆ ಬಂದದ್ದು 1881ರಲ್ಲಿ. ನಮ್ಮ ಮಕ್ಕಳಿಗೆ 'ಸಹಾಯಕ ಸೈನ್ಯ ಪದ್ಧತಿ' ಅಂದರೆ ಬಾಯಿಪಾಠ. ಹಾಗಾಗಿ ಭೂತಾನನ್ನೂ ಅದೇ ಚೌಕಟ್ಟಿನಲ್ಲಿ ಕೂರಿಸುವ ಆಸೆ ಸಹಜ. ಆದರೆ ಹಣ ಯಾರಿಂದ ಯಾರಿಗೆ ಹೋಗುತ್ತಿತ್ತು, ಒಳಗಿನ ಆಡಳಿತ ಯಾರ ಕೈಯಲ್ಲಿತ್ತು, ಈ ಎರಡೂ ತಿರುಗುಮುರುಗಾಗಿರುವಾಗ ಒಂದೇ ಪದ ಸಲ್ಲುವುದಿಲ್ಲ.

'ರಕ್ಷಿತ ರಾಜ್ಯ' ಅಂತಲೂ ಬೇಡ ಅಂತ ನನ್ನ ಅಭಿಪ್ರಾಯ. ಅದು ಸಿಕ್ಕಿಂಗೆ ಸೇರಿದ ಪದ. 1950ರ ಭಾರತ-ಸಿಕ್ಕಿಂ ಒಪ್ಪಂದದಲ್ಲಿ ಸಿಕ್ಕಿಂ ಭಾರತದ ರಕ್ಷಣೆಗೆ ಒಳಪಟ್ಟ ರಾಜ್ಯವಾಗಿ ಮುಂದುವರಿಯುತ್ತದೆ ಅಂತ ಬಾಯಿಬಿಟ್ಟು ಹೇಳಿದೆ. ಭೂತಾನ್ ಒಪ್ಪಂದದಲ್ಲಿ ಆ ಪದವೇ ಇಲ್ಲ. ಬರೀ ಒಂದು ವರ್ಷದ ಅಂತರದಲ್ಲಿ, ಪಕ್ಕಪಕ್ಕದ ಎರಡು ಪುಟ್ಟ ರಾಜ್ಯಗಳ ಜೊತೆ, ಒಂದೇ ಸರ್ಕಾರ ಬೇರೆ ಬೇರೆ ಮಾತು ಬಳಸಿದೆ. 1975ರಲ್ಲಿ ಸಿಕ್ಕಿಂ ಭಾರತದಲ್ಲಿ ಸೇರಿಹೋಯಿತು. ಅಷ್ಟು ಹೊತ್ತಿಗೆ ಭೂತಾನ್ ವಿಶ್ವಸಂಸ್ಥೆಯ ಸದಸ್ಯ, 1971ರಿಂದ. ಥಿಂಫುವಿನಲ್ಲಿ ಕೂತವರಿಗೆ ಈ ಪದಗಳ ಅಂತರ ಪ್ರಾಣದಷ್ಟೇ ಮುಖ್ಯವಾಗಿತ್ತು ಅಂತ ನನಗನ್ನಿಸುತ್ತದೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಹಾಕಿದರೆ ಆ ಇತಿಹಾಸವೇ ಕಾಣದ ಹಾಗೆ ಆಗುತ್ತದೆ.

ಸರಿ, ಹಾಗಾದರೆ ಏನು ಬರೆಯಬೇಕು? ನನಗೆ ಹೊಳೆದದ್ದು 'ಕೇಳು' ಅನ್ನುವ ನಮ್ಮ ಮಾತು. ಕನ್ನಡದಲ್ಲಿ 'ಕೇಳು' ಅಂದರೆ ಕಿವಿಗೊಡು, ಪ್ರಶ್ನೆ ಹಾಕು, ಹೇಳಿದ್ದನ್ನು ಪಾಲಿಸು, ಮೂರೂ ಆಗುತ್ತದೆ. "ಅಪ್ಪನ್ನ ಕೇಳಿ ಮಾಡು" ಅಂದರೆ ಅಪ್ಪನ ಹತ್ತಿರ ವಿಚಾರಿಸು ಅಂತ. "ಅಪ್ಪನ ಮಾತು ಕೇಳು" ಅಂದರೆ ಅಪ್ಪ ಹೇಳಿದ್ದನ್ನು ಮಾಡು ಅಂತ. ಒಂದು ಪ್ರತ್ಯಯದ ವ್ಯತ್ಯಾಸ, ಅಧಿಕಾರ ಪೂರ್ತಿ ಬೇರೆ. 'ಭಾರತವನ್ನು ಕೇಳಿ' ಅಂತ ಬರೆದರೆ ಅದು ಭೂತಾನಿನ ಓದು. 'ಭಾರತದ ಮಾತು ಕೇಳಿ' ಅಂತ ಬರೆದರೆ ದೆಹಲಿಯ ಓದು. ಆದರೆ 'ಭಾರತದ ಸಲಹೆ ಕೇಳಿ ನಡೆದುಕೊಳ್ಳಲು ಒಪ್ಪುತ್ತದೆ' ಅಂತ ಬರೆದರೆ? ಸಲಹೆಯನ್ನು ವಿಚಾರಿಸಿ ನಡೆಯುವುದು ಅಂತ ಒಬ್ಬರು ಓದಬಹುದು, ಸಲಹೆಗೆ ಕಿವಿಗೊಟ್ಟು ಅದರಂತೆ ನಡೆಯುವುದು ಅಂತ ಇನ್ನೊಬ್ಬರು ಓದಬಹುದು. ಮೂಲದಲ್ಲಿ ಎಷ್ಟು ಸಡಿಲವಿದೆಯೋ ಅಷ್ಟೇ ಸಡಿಲ ಇಲ್ಲೂ ಉಳಿಯುತ್ತದೆ. ಅನುವಾದದಲ್ಲಿ ಸ್ಪಷ್ಟತೆ ಬೇಕು ಅಂತ ಹೇಳಿಕೊಡುತ್ತಾರೆ, ನಿಜ. ಆದರೆ ಒಪ್ಪಂದ ಬರೆದವರು ಬೇಕು ಅಂತಲೇ ಬಿಟ್ಟ ಜಾಗವನ್ನು ನಾವು ತುಂಬಬಾರದು.

2007ರ ಹೊಸ ಒಪ್ಪಂದದಲ್ಲಿ ಈ ಸಾಲನ್ನು ತೆಗೆದರು. ಫೆಬ್ರವರಿ 8ರಂದು ದೆಹಲಿಯಲ್ಲಿ ಸಹಿಯಾಯಿತು, ಭಾರತದ ಪರವಾಗಿ ಆಗಿನ ವಿದೇಶಾಂಗ ಸಚಿವ ಪ್ರಣವ್ ಮುಖರ್ಜಿ, ಆ ಕಡೆಯಿಂದ ಭೂತಾನ್ ದೊರೆ ಜಿಗ್ಮೆ ಖೇಸರ್ ನಾಮ್‌ಗ್ಯೆಲ್ ವಾಂಗ್‌ಚುಕ್. ಈಗ ಇರುವ ಮಾತು: ರಾಷ್ಟ್ರೀಯ ಹಿತಾಸಕ್ತಿಯ ವಿಷಯಗಳಲ್ಲಿ ಎರಡೂ ಸರ್ಕಾರಗಳು ನಿಕಟವಾಗಿ ಸಹಕರಿಸುತ್ತವೆ, ಒಬ್ಬರ ಭದ್ರತೆಗೆ ಧಕ್ಕೆ ತರುವ ಕೆಲಸಕ್ಕೆ ಇನ್ನೊಬ್ಬರು ತಮ್ಮ ನೆಲ ಬಿಟ್ಟುಕೊಡುವುದಿಲ್ಲ. ಈ ಕೊನೆಯ ಮಾತಿಗೆ ಹಿನ್ನೆಲೆ ಇದೆ. 2003ರ ಡಿಸೆಂಬರಿನಲ್ಲಿ ಭೂತಾನ್ ಸೈನ್ಯ ತನ್ನ ಕಾಡುಗಳಲ್ಲಿ ನೆಲೆ ಮಾಡಿಕೊಂಡಿದ್ದ ಉಲ್ಫಾ, ಬೋಡೊ ಮತ್ತು ಕಾಮತಾಪುರಿ ಉಗ್ರರನ್ನು ಹೊರಗಟ್ಟಿತ್ತು. ಇದರ ಅನುವಾದದಲ್ಲಿ ನನಗೆ ತೊಂದರೆ ಏನಿಲ್ಲ.

ಇನ್ನೊಂದು ಪದ 'ಕಾಳಜಿ'. ಎರಡನೇ ಪ್ರಶ್ನೆ ಇದೇ. ವಿದೇಶಾಂಗ ಸುದ್ದಿಗಳಲ್ಲಿ 'ಕನ್ಸರ್ನ್' ಬಂದ ಕಡೆಯೆಲ್ಲ 'ಕಾಳಜಿ' ಹಾಕುವುದು ರೂಢಿಯಾಗಿಬಿಟ್ಟಿದೆ. ಡೋಕ್ಲಾಮ್ ಅಂದರೆ ಭಾರತ, ಭೂತಾನ್, ಚೀನಾ ಗಡಿಗಳು ಸೇರುವ ಕಡೆ ಇರುವ, ಭೂತಾನ್ ಮತ್ತು ಚೀನಾ ಇಬ್ಬರೂ ತಮ್ಮದು ಅನ್ನುವ ಎತ್ತರದ ಜಾಗ. 'ಡೋಕ್ಲಾಮ್ ಬಗ್ಗೆ ಭಾರತದ ಭದ್ರತಾ ಕಾಳಜಿ' ಅಂತ ಬರೆದರೆ ಆಡುಮಾತಿನ ಕನ್ನಡದಲ್ಲಿ ಏನರ್ಥ ಬರುತ್ತದೆ? ಕಾಳಜಿ ಅಂದರೆ ನಮಗೆ ಅಕ್ಕರೆಯಿಂದ ನೋಡಿಕೊಳ್ಳುವುದು. ಭೂತಾನಿನ ಭದ್ರತೆ ಬಗ್ಗೆ ಭಾರತಕ್ಕೆ ಅಕ್ಕರೆ ಅಂತ ಅರ್ಥವಾಗುತ್ತದೆ. ಅಲ್ಲಿ ನಿಜವಾಗಿ ಇದ್ದದ್ದು ಭಾರತಕ್ಕೆ ತನ್ನದೇ ಸಿಲಿಗುರಿ ಕಾರಿಡಾರಿನ ಆತಂಕ. ಈಶಾನ್ಯಕ್ಕೆ ಹೋಗುವ ಆ ದಾರಿ ಕಿರಿದಾದ ಕಡೆ ಸುಮಾರು 22 ಕಿ.ಮೀ. ಅಗಲ ಇದೆ. 2017ರ ಜೂನ್‌ನಲ್ಲಿ ಚೀನಾದ ಸೈನಿಕರು ಜಂಫೇರಿ ದಿಬ್ಬದ ಕಡೆಗೆ ರಸ್ತೆ ಮಾಡಲು ಶುರು ಮಾಡಿದರು, ಭಾರತದ ಸೈನಿಕರು ಬಂದು ತಡೆದರು, ಆಗಸ್ಟ್ 28ರವರೆಗೆ ಎದುರುಬದುರು ನಿಂತಿದ್ದರು. ಭೂತಾನ್ ಆ ಹೊತ್ತಿನಲ್ಲಿ ಹೇಳಿದ್ದು ಬಹಳ ಕಡಿಮೆ. ಜೂನ್ 29ರ ಹೇಳಿಕೆಯಲ್ಲಿ ರಸ್ತೆ ತನ್ನ ನೆಲದಲ್ಲಿ ಬರುತ್ತಿದೆ, ಇದು ಚೀನಾ ಜೊತೆಗಿನ 1988 ಮತ್ತು 1998ರ ಒಪ್ಪಂದಗಳಿಗೆ ವಿರುದ್ಧ, ಜೂನ್ 16ಕ್ಕೆ ಮೊದಲು ಇದ್ದ ಯಥಾಸ್ಥಿತಿ ಇರಲಿ ಅಂದಿತು. ಅಷ್ಟೇ.

ಅದೇ ಡೋಕ್ಲಾಮ್ ಭೂತಾನಿಗೆ ಬೇರೆ ಥರದ ಚಿಂತೆ. 1990ರ ದಶಕದಲ್ಲಿ ಚೀನಾ ಒಂದು ಅದಲುಬದಲಿನ ಪ್ರಸ್ತಾವ ಇಟ್ಟಿತ್ತು: ಉತ್ತರದಲ್ಲಿ 495 ಚದರ ಕಿ.ಮೀ. ಮೇಲಿನ ಹಕ್ಕು ಬಿಡುತ್ತೇವೆ, ಪಶ್ಚಿಮದಲ್ಲಿ ಡೋಕ್ಲಾಮ್ ಸೇರಿ 269 ಚದರ ಕಿ.ಮೀ. ಕೊಡಿ. ಲೆಕ್ಕದಲ್ಲಿ ಭೂತಾನಿಗೆ ಲಾಭ, ಆದರೆ ಒಪ್ಪಿದರೆ ದೆಹಲಿಗೆ ನಿದ್ದೆ ಬರುವುದಿಲ್ಲ. ಹಾಗಾಗಿ ಒಂದೇ ಗುಡ್ಡಕ್ಕೆ ಭಾರತದ ಕಡೆಯಿಂದ 'ಆತಂಕ' ಅಂತಲೂ, ಭೂತಾನಿನ ಕಡೆಯಿಂದ 'ಚಿಂತೆ' ಅಥವಾ 'ಇಕ್ಕಟ್ಟು' ಅಂತಲೂ ಬರೆಯೋಣ, 'ಕಾಳಜಿ'ಯನ್ನು ಪರಿಸರ, ಆರೋಗ್ಯದಂಥ ಕಡೆಗೆ ಬಿಡೋಣ ಅಂತ ನನ್ನ ಸಲಹೆ. ಒಪ್ಪದವರು ಹೇಳಿ.

'ಸಂಬಂಧವಿಲ್ಲ' ಅನ್ನುವುದರ ಬಗ್ಗೆಯೂ ಒಂದು ಮಾತು. ಭೂತಾನಿಗೆ ಚೀನಾದ ಜೊತೆ ರಾಜತಾಂತ್ರಿಕ ಸಂಬಂಧ ಇಲ್ಲ. ಹೆಡ್‌ಲೈನಿನಲ್ಲಿ ಜಾಗ ಸಾಲದೆ 'ರಾಜತಾಂತ್ರಿಕ' ಬಿಟ್ಟು 'ಚೀನಾ ಜೊತೆ ಸಂಬಂಧವಿಲ್ಲದ ಭೂತಾನ್' ಅಂತ ಆಗುತ್ತದೆ. ಆದರೆ 1984ರಿಂದ ಇಬ್ಬರೂ ಗಡಿ ಮಾತುಕತೆ ನಡೆಸುತ್ತಿದ್ದಾರೆ, 25ನೇ ಸುತ್ತು 2023ರ ಅಕ್ಟೋಬರಿನಲ್ಲಿ ಬೀಜಿಂಗ್‌ನಲ್ಲೇ ಆಯಿತು. ಮಾತುಕತೆ ಇದೆ, ಸಂಪರ್ಕ ಇದೆ, ರಾಯಭಾರ ಕಚೇರಿ ಇಲ್ಲ. ಇನ್ನೂ ಗಮನಿಸಬೇಕಾದ್ದು, ಅಮೆರಿಕ, ರಷ್ಯಾ, ಬ್ರಿಟನ್, ಫ್ರಾನ್ಸ್ ಜೊತೆಗೂ ಭೂತಾನ್ ಹೀಗೇ ಇದೆ. ಭದ್ರತಾ ಮಂಡಳಿಯ ಐದು ಕಾಯಂ ಸದಸ್ಯರಲ್ಲಿ ಒಬ್ಬರ ಜೊತೆಗೂ ರಾಜತಾಂತ್ರಿಕ ಸಂಬಂಧ ಇಟ್ಟುಕೊಂಡಿಲ್ಲ. ಇದನ್ನು 'ತಟಸ್ಥ' ಅನ್ನೋಣವೇ? ಇಬ್ಬರು ಜಗಳವಾಡುವಾಗ ಯಾರ ಕಡೆಗೂ ಹೋಗದವನು ತಟಸ್ಥ, ಅದು ಇದಲ್ಲ. 'ಅಲಿಪ್ತ' ಅಂದರೆ 1973ರಲ್ಲಿ ಅದು ಸೇರಿದ ಚಳವಳಿಯ ಹೆಸರಾಗಿ ನಿಂತುಬಿಟ್ಟಿದೆ. ನಾನು ಸದ್ಯಕ್ಕೆ 'ದೊಡ್ಡ ಶಕ್ತಿಗಳಿಂದ ಅಂತರ ಕಾಯ್ದುಕೊಳ್ಳುವ ನೀತಿ' ಅಂತ ಬರೆದಿದ್ದೇನೆ. ಉದ್ದವಾಯಿತು, ಆದರೆ ಮಕ್ಕಳಿಗೆ ಒಂದೇ ಓದಿಗೆ ಅರ್ಥವಾಗುತ್ತದೆ. ಇದಕ್ಕಿಂತ ಚಿಕ್ಕ ಪದ ಯಾರಿಗಾದರೂ ಹೊಳೆದರೆ ಖಂಡಿತ ತೆಗೆದುಕೊಳ್ಳುತ್ತೇನೆ.

ಈಗ ನನ್ನ ಕೋರಿಕೆ. 'ಸಲಹೆ ಕೇಳಿ ನಡೆದುಕೊಳ್ಳಲು' ಅನ್ನುವುದು ನಿಮ್ಮ ಊರಿನ ಕನ್ನಡದಲ್ಲಿ ಎರಡೂ ಅರ್ಥಕ್ಕೆ ಒದಗುತ್ತದಾ, ಅಥವಾ ಒಂದು ಕಡೆಗೇ ಜಾಸ್ತಿ ವಾಲುತ್ತದಾ? ಧಾರವಾಡ, ಕಲಬುರಗಿ ಕಡೆಯವರ, ಕರಾವಳಿಯವರ ಕಿವಿಗೆ ಹೇಗೆ ಕೇಳಿಸುತ್ತದೆ ಅಂತ ಮುಖ್ಯವಾಗಿ ತಿಳಿಯಬೇಕು, ಟಿಪ್ಪಣಿ ಎಲ್ಲ ಕಡೆಯ ಮಕ್ಕಳಿಗೂ ಹೋಗುತ್ತದೆ. ಹಾಗೆಯೇ 1949ರ ಆಗಸ್ಟ್ ತಿಂಗಳ ಕನ್ನಡ ಪತ್ರಿಕೆಗಳನ್ನು ಯಾರಾದರೂ ಇಟ್ಟುಕೊಂಡಿದ್ದರೆ, ಡಾರ್ಜಿಲಿಂಗ್ ಒಪ್ಪಂದದ ಸುದ್ದಿಯಲ್ಲಿ ಈ ಕಲಮನ್ನು ಹೇಗೆ ಬರೆದಿದ್ದಾರೆ ಅಂತ ನೋಡಿ ಆ ಸಾಲನ್ನು ಹಾಗೇ ಟೈಪ್ ಮಾಡಿ ಕಳಿಸಿ. ತಿಂಗಳ ಕೊನೆಯಲ್ಲಿ ಅಚ್ಚಿಗೆ ಕೊಡಬೇಕು.