ಹೊಗೆ ಟೀ: ಘಮ ಮೂಗಿಗೆ ಹೊಡೆಯುತ್ತೆ, ಬಾಯಿಗೆ ರುಚಿ ಇಲ್ಲ

ಕೈಮರ_ಟೀ (ಚಿಕ್ಕಮಗಳೂರು)
ಲ್ಯಾಪ್ಸಾಂಗ್ ಸೂಚಾಂಗ್ (ಹೊಗೆಯಲ್ಲಿ ಒಣಗಿಸಿದ ಚೀನಾದ ಕಪ್ಪು ಟೀ) 100 ಗ್ರಾಂ ತರಿಸಿದ್ದೀನಿ. ಪ್ಯಾಕೆಟ್ ಬಿಚ್ಚಿದ್ರೆ ಸೌದೆ ಒಲೆ ಪಕ್ಕ ಕೂತಂಗೆ ಘಮ. ಲೋಟಕ್ಕೆ ಬಂದ್ಮೇಲೆ ಹೊಗೆ ಒಂದೇ, ಕೆಳಗೆ ಏನೂ ಇಲ್ಲ, ನೀರು ನೀರು. ಎಲೆ ಜಾಸ್ತಿ ಹಾಕಿದ್ರೆ ಹೊಗೆಯೇ ಜಾಸ್ತಿ ಆಗುತ್ತೆ. ಒಲೆ ಮೇಲಿಟ್ಟು ಕುದಿಸಿದ್ರೆ ಕಹಿ, ಒಗರು. ಕೊನೇಲಿ ಒಂಥರಾ ಕಮಟು ಬೇರೆ. 200 ಮಿಲಿಗೆ 2 ಚಮಚ ಎಲೆ, ನೀರು ಚೆನ್ನಾಗೇ ಕುದ್ದಿರುತ್ತೆ, ಹಾಲು ಹಾಕಲ್ಲ. ಇಷ್ಟು ದುಡ್ಡು ಸುರಿದು ಹಿಂಗಾದ್ರೆ ಹೊಟ್ಟೆ ಉರಿಯುತ್ತೆ. ಏನ್ ಮಾಡ್ಲಿ ಹೇಳಿ.

ಅರಸೀಕೆರೆ_ಚಹಾ
ನೀರು ಕಣ್ರೀ, ಇನ್ನೇನಲ್ಲ. ಬೋರ್‌ವೆಲ್ ನೀರಾ? ಗಡಸು ನೀರಿನ ಸುಣ್ಣದಂಶಕ್ಕೆ ಟೀ ಬಣ್ಣ ಮಂಕಾಗುತ್ತೆ, ರುಚಿ ಸಪ್ಪೆ, ಮೇಲೆ ತೆಳ್ಳಗೆ ಪೊರೆ ಕಟ್ಟುತ್ತೆ. ಎರಡು ತೊಟ್ಟು ನಿಂಬೆರಸ ಬಿಡಿ, ಪೊರೆ ಕರಗಿದ್ರೆ ನೀರಿನದೇ ತೊಂದರೆ. ಟಿಡಿಎಸ್ (ನೀರಲ್ಲಿ ಒಟ್ಟು ಕರಗಿರೋ ಅಂಶ) ಎಷ್ಟು?

ಕೈಮರ_ಟೀ
ನಲ್ಲಿ ನೀರು. ಮೀಟರ್ 90 ತೋರಿಸ್ತು. ಪೊರೆ ಅಂತ ಇಲ್ಲ, ಅಲ್ಲಲ್ಲಿ ಎಣ್ಣೆ ಮಿನುಗುತ್ತೆ ಅಷ್ಟೆ.

ಅರಸೀಕೆರೆ_ಚಹಾ
ಮೀಟರ್ ನಂಬ್ಕೊಂಡು ಕೂರಬೇಡಿ. ನೀರು ಐದು ನಿಮಿಷ ಕುದಿಸಿ, ತಳ ಕೂರಿಸಿ, ಮೇಲಿನ ತಿಳಿ ಬಗ್ಗಿಸ್ಕೊಂಡು ಮಾಡಿ. ಇಲ್ಲಾಂದ್ರೆ ಅರ್ಧ ಆರ್‌ಒ ನೀರು ಬೆರೆಸಿ.

ಸಕಲೇಶಪುರ_ಎಲೆ
ಸರ್, ಟಿಡಿಎಸ್ ಬೇರೆ, ಗಡಸುತನ ಬೇರೆ. ಆದ್ರೂ ಒಟ್ಟು ಕರಗಿರೋದೇ 90 ಅಂದ್ಮೇಲೆ ಅದನ್ನ ಗಡಸು ನೀರು ಅನ್ನೋಕಾಗಲ್ಲ. ಎಲೆ ಅಸಲಿಯಾ ಅಂತ ನೋಡಿ. ಚೀನಾದ ಫ್ಯೂಜಿಯನ್‌ನ ವುಯಿ ಬೆಟ್ಟಗಳಲ್ಲಿರೋ ಟೊಂಗ್ಮು ಕಡೆ ಪೈನ್ ಸೌದೆ ಹೊಗೆಯಲ್ಲಿ ಎಲೆ ಬಾಡಿಸಿ ಒಣಗಿಸ್ತಾರೆ. ಹೊಗೆ ಎಲೆಯೊಳಗೆ ಇಳಿದಿರುತ್ತೆ. ಮೂರನೇ ಸಲ ನೀರು ಹುಯ್ದರೂ ಉಳಿದಿರುತ್ತೆ, ಜೊತೆಗೆ ಒಣಗಿದ ಲಾಂಗನ್ (ಲಿಚಿ ಥರದ್ದು) ಹಣ್ಣಿನ ಸಿಹಿ. ಹೊಗೆ ಎಸೆನ್ಸ್ ಸಿಂಪಡಿಸಿದ ಮಾಲಾದ್ರೆ ಮೊದಲ ಸಲಕ್ಕೇ ಖಾಲಿ. ನೆನೆದ ಎಲೆ ಬಿಡಿಸಿ ಫೋಟೋ ಹಾಕಿ.

ಹಾಸನ_ಕೆಟಲ್
ಹಾಸನ, ಚಿಕ್ಕಮಗಳೂರು ಎರಡೂ ಹೆಚ್ಚುಕಮ್ಮಿ 1,000 ಮೀಟರ್ ಎತ್ತರ. ನೀರು 97 ಡಿಗ್ರಿ ಆಸುಪಾಸಲ್ಲೇ ಕುದಿಯುತ್ತೆ, ಹಾಗಾಗಿ ಈ ಟೀಗೆ ನೀರು ತಣಿಸೋ ಕೆಲಸ ಬೇಡ, ಕುದಿ ಬಂದ ತಕ್ಷಣ ಹುಯ್ಯಿರಿ. ನನ್ನ ಸೆಟಪ್: ಸಣ್ಣ ಬಾಗಿದ ಮೂತಿಯ ಗೂಸ್‌ನೆಕ್ ಕೆಟಲ್, 0.1 ಗ್ರಾಂ ತೂಗೋ ತಕ್ಕಡಿ, 110 ಮಿಲಿ ಗೈವಾನ್ (ಮುಚ್ಚಳ ಇರೋ ಚೀನೀ ಟೀ ಬಟ್ಟಲು). 5 ಗ್ರಾಂ ಎಲೆ, ಮೊದಲ ಸಲ 10 ಸೆಕೆಂಡ್, ಆಮೇಲೆ ಪ್ರತಿ ಸಲ 5 ಸೆಕೆಂಡ್ ಜಾಸ್ತಿ. ತಕ್ಕಡಿ ಇಲ್ದೆ ಈ ಎಲೆ ಮುಟ್ಟಲೇಬಾರದು. ಉದ್ದ ಎಲೆ, ಒಂದು ಚಮಚಕ್ಕೂ ಇನ್ನೊಂದಕ್ಕೂ ತೂಕ ಒಂದೇ ಇರಲ್ಲ.

ಕಳಸ_ಸಿಟಿಸಿ
ದಿನಾ ಕುಡಿಯೋರಿಗೆ ಗೈವಾನ್ ಯಾಕಣ್ಣ? 2 ಚಮಚ ಸಿಟಿಸಿ ಪುಡಿಗೆ (ದಿನಾ ಬಳಸೋ ಹರಳು ಟೀಪುಡಿ) ಕಾಲು ಚಮಚ ಲ್ಯಾಪ್ಸಾಂಗ್ ಬೆರೆಸಿ ಹಾಲಿನ ಟೀ ಮಾಡಿ. ಗಟ್ಟಿತನ ಸಿಟಿಸಿ ಕೊಡುತ್ತೆ, ಘಮ ಇದು ಕೊಡುತ್ತೆ.

ಸಕಲೇಶಪುರ_ಎಲೆ
ಹಾಲು ಬಿದ್ರೆ ಲಾಂಗನ್ ಸಿಹಿ ಅಲ್ಲಿಗೇ ಮುಗೀತು.

ಕಳಸ_ಸಿಟಿಸಿ
ಅವ್ರಿಗೆ ಈಗ್ಲೂ ಸಿಹಿ ಸಿಗ್ತಿಲ್ವಲ್ಲ. ರಷ್ಯನ್ ಕ್ಯಾರವಾನ್ ಅನ್ನೋ ಮಿಶ್ರಣಕ್ಕೂ ಇದೇ ಎಲೆ ಬೆರೆಸ್ತಾರೆ, ಅದನ್ನ ಹಾಲು ಹಾಕಿ ಕುಡಿಯೋರು ಎಷ್ಟೋ ಜನ.

ಮೂಡಿಗೆರೆ_ಅಡಿಗೆಮನೆ
ಕೈಮರ ಅವ್ರೇ, ಯಾವ ಪಾತ್ರೇಲಿ ಮಾಡ್ತೀರಿ? ಎಷ್ಟು ಹೊತ್ತು ನೆನೆಸ್ತೀರಿ? ಅದೇ ಬಂದಿಲ್ಲ.

ಕೈಮರ_ಟೀ
ಮನೆ ಸ್ಟೀಲ್ ಕಾಫಿ ಫಿಲ್ಟರಲ್ಲೇ ಮೇಡಂ. ಮೇಲಿನ ಡಬ್ಬಿಗೆ ಎಲೆ, ಅದರ ಮೇಲೆ ತೂತಿನ ಬಿಲ್ಲೆ, ಬಿಸಿನೀರು. ಡಿಕಾಕ್ಷನ್ ಆದ್ಮೇಲೆ ತೊಳೆದೇ ಹಾಕೋದು.

ಮೂಡಿಗೆರೆ_ಅಡಿಗೆಮನೆ
ಅಲ್ಲೇ ಇರೋದು. ಫಿಲ್ಟರಲ್ಲಿ ನೀರು ನಿಧಾನವಾಗಿ ಇಳಿಯೋದು ನುಣುಪು ಕಾಫಿಪುಡಿ ತಡೆಯೋದ್ರಿಂದ. ಉದ್ದ ಟೀ ಎಲೆ ತಡೆಯಲ್ಲ, ನೀರು ಸುರ್ರಂತ ಕೆಳಗೆ ಹೋಗುತ್ತೆ. ಹೊಗೆ ಘಮ ನೀರು ತಾಕಿದ ಕೂಡಲೇ ಬಿಡುತ್ತೆ. ಟೀ ಸಾರ ಬಿಡೋಕೆ ಎಲೆ ಸುರುಳಿ ಬಿಚ್ಚಬೇಕು, ಅದಕ್ಕೆ ಹೊತ್ತು ಬೇಕು. ಅದಕ್ಕೇ ಎಲೆ ಜಾಸ್ತಿ ಹಾಕಿದ್ರೂ ಹೊಗೆಯೇ ಏರಿದ್ದು. ಕಮಟು, ಆ ಮಿನುಗು ಎರಡೂ ತೂತುಗಳಲ್ಲಿ ಕೂತಿರೋ ಕಾಫಿ ಎಣ್ಣೆ. ಬರೀ ನೀರಲ್ಲಿ ತೊಳೆದ್ರೆ ಹೋಗಲ್ಲ.

ಮುಚ್ಚಳ ಇರೋ ಸ್ಟೀಲ್ ಪಾತ್ರೆ ತಗೊಳ್ಳಿ, ಬಿಸಿನೀರು ಆಡಿಸಿ ಚೆಲ್ಲಿ. 3 ಗ್ರಾಂ ಎಲೆ, ಮೇಲೆ 200 ಮಿಲಿ ಕುದಿ ನೀರು, ಮುಚ್ಚಿ 3 ನಿಮಿಷ. ಒಂದೇ ಸಲ ಕದಡಿ, ಹನಿಯೂ ಉಳಿಯದಂಗೆ ಸೋಸಿ; ತಳದಲ್ಲಿ ನೀರು ನಿಂತ್ರೆ ಎರಡನೇ ಸಲದ್ದು ಒಗರಾಗುತ್ತೆ. ಎರಡನೇ ಸಲಕ್ಕೆ 5 ನಿಮಿಷ. ಒಲೆ ಮೇಲೆ ಮಾತ್ರ ಇಡಬೇಡಿ. ಸೋಸೋಕೆ ಬೇರೆ ಜಾಲರಿ ಇಟ್ಕೊಳ್ಳಿ.

ಕೈಮರ_ಟೀ
ಮಾಡ್ದೆ. ಬಣ್ಣ ಕೆಂಪಗೆ ಬಂತು, ಕಮಟು ಇಲ್ಲ, ನುಂಗಿದ್ಮೇಲೆ ಸಿಹಿ ಗೊತ್ತಾಗ್ತಿದೆ. ತುಂಬಾ ಥ್ಯಾಂಕ್ಸ್ ಮೇಡಂ. ಉಳಿದ ಎಲೆ ಮಳೆಗಾಲಕ್ಕೆ ಫ್ರಿಜ್ಜಲ್ಲಿ ಇಡ್ಲಾ?

ಅರಸೀಕೆರೆ_ಚಹಾ
ಒಳ್ಳೇದಾಯ್ತು. ಬಾಟಲಿ ನೀರಲ್ಲೂ ಒಂದ್ಸಲ ಮಾಡಿ, ರುಚಿ ಇನ್ನೂ ತೆರೆದುಕೊಳ್ಳುತ್ತೆ.

ಸಕಲೇಶಪುರ_ಎಲೆ
ಫ್ರಿಜ್ ಬೇಡ, ಹೊರಗೆ ತೆಗೆದಾಗೆಲ್ಲ ಎಲೆಗೆ ತೇವ ಕೂರುತ್ತೆ. ಬಿಗಿ ಮುಚ್ಚಳದ ಸಣ್ಣ ಡಬ್ಬಿಗೆ ಭರ್ತಿ ತುಂಬಿ, ಒಲೆಯಿಂದ ದೂರ ಇಡಿ. ಕಾಫಿಪುಡಿ, ಏಲಕ್ಕಿ ಇರೋ ಕಪಾಟು ಬೇಡವೇ ಬೇಡ, ಟೀ ಎಲೆ ಪಕ್ಕದ ವಾಸನೆ ಎಳ್ಕೊಳ್ಳುತ್ತೆ. ಇದರ ಹೊಗೆ ಪಕ್ಕದ ಸಿಟಿಸಿಗೂ ಹತ್ತುತ್ತೆ.

ಕಳಸ_ಸಿಟಿಸಿ
ಹತ್ತಿದ್ರೆ ಒಳ್ಳೇದೇ ಅಂತೀನಿ. ಅದಿರ್ಲಿ, ಈಗಾಗ್ಲೇ ತೇವ ಹಿಡಿದ ಎಲೇನ ಬಾಣಲೆಯಲ್ಲಿ ಸಣ್ಣ ಉರೀಲಿ ಬೆಚ್ಚಗೆ ಮಾಡಿದ್ರೆ ಹೊಗೆ ಉಳಿಯುತ್ತಾ? ಯಾರಾದ್ರೂ ಮಾಡಿದ್ದೀರಾ?